ಮಿತಸ್ವರದ ಸಂಗೀತವೂ ನಾಯಿಯ ನುಡಿಯೂ

ಬೇಡವಾದುದನ್ನು ನೋಡದಿರಲೆಂದು ಕಣ್ಣಿಗೆ ರೆಪ್ಪೆಯನ್ನು ಕೊಟ್ಟ ಸೃಷ್ಟಿಕರ್ತನು ಕಿವಿಗೆ ಅಂಥದೊಂದು ಕದವನ್ನು ಇಡಲಿಲ್ಲ. ಆದಕಾರಣ ಗದ್ದಲದ ನಡುವೆ ಬಾಳುವ ಮನುಷ್ಯನು ಕಿವಿಯನ್ನು ಮುಚ್ಚಲಾರದೆ ಮನಸ್ಸನ್ನೇ ಮುಚ್ಚಿಕೊಳ್ಳುತ್ತಾನೆ. ನಮ್ಮ ಭರಮಸಾಗರವನ್ನೇ ತೆಗೆದುಕೊಳ್ಳೋಣ. ಚಿತ್ರದುರ್ಗಕ್ಕೂ ದಾವಣಗೆರೆಗೂ ನಡುವೆ ಹೆದ್ದಾರಿಯ ಮಗ್ಗುಲಲ್ಲಿರುವ ಈ ಊರಿನಲ್ಲಿ ಲಾರಿಗಳ ಮೊರೆತಕ್ಕೆ ಹಗಲು ಇರುಳೆಂಬ ಭೇದವಿಲ್ಲ. ಉತ್ಸವ ಬಂದರೆ ಧ್ವನಿವರ್ಧಕ. ಇಲ್ಲದ ದಿನ ಮನೆಮನೆಯ ಟೆಲಿವಿಷನ್. ಈ ಸದ್ದಿನ ನಡುವೆ ಎರಡು ಧ್ವನಿಗಳು ನಮ್ಮ ಕಿವಿಯ ಮೇಲೆ ಬಿದ್ದರೂ ಮನಸ್ಸಿಗೆ ಮುಟ್ಟುವುದಿಲ್ಲ. ಒಂದು, ತಂಬೂರಿಯ ಶ್ರುತಿಯಂತೆ ಕೆಲವೇ ಸ್ವರಗಳಲ್ಲಿ ನೆಲೆನಿಲ್ಲುವ ವಾದ್ಯಸಂಗೀತ. ಇನ್ನೊಂದು, ಬೀದಿಯ ನಾಯಿಯ ಬೊಗಳು. ಮೊದಲನೆಯದನ್ನು ‘ಇದರಲ್ಲಿ ಏನೂ ನಡೆಯುತ್ತಿಲ್ಲವಲ್ಲ’ ಎಂದು ನಿಲ್ಲಿಸಿಬಿಡುತ್ತೇವೆ. ಎರಡನೆಯದನ್ನು ‘ಸುಮ್ಮನೆ ಬೊಗಳುತ್ತಿದೆ’ ಎಂದು ಕಲ್ಲೆಸೆದು ಓಡಿಸುತ್ತೇವೆ.

ಈ ಎರಡು ತೀರ್ಪುಗಳಿಗೂ ಕಾರಣ ಒಂದೇ. ಕಡಮೆ ಸಾಮಗ್ರಿಯಿಂದ ಹೆಚ್ಚು ಅರ್ಥವನ್ನು ಹೇಳುವ ನುಡಿಗೆ ಕಿವಿಗೊಡುವ ಅಭ್ಯಾಸ ನಮಗೆ ತಪ್ಪಿಹೋಗಿದೆ. ಮೊದಲನೆಯದರಿಂದ ಆಗುವ ನಷ್ಟ ಆನಂದದ್ದು. ಎರಡನೆಯದರಿಂದ ಆಗುವ ನಷ್ಟ ಕೆಲವು ವೇಳೆ ಮಗುವಿನ ಕೆನ್ನೆಯದು. ಎರಡಕ್ಕೂ ಮದ್ದು ಒಂದೇ ಅಭ್ಯಾಸವೆಂಬುದನ್ನು ಗೃಹಸ್ಥರ ಮುಂದಿಡುವುದೇ ಈ ಲೇಖನದ ಉದ್ದೇಶ.

ಶಾಸ್ತ್ರದಲ್ಲಿ ನಾಯಿಯ ಸ್ಥಾನ

ಪ್ರಾಣಿಗಳ ಕೂಗಿನಲ್ಲಿ ಸ್ವರಗಳನ್ನು ಗುರುತಿಸುವುದು ನಮ್ಮ ಪ್ರಾಚೀನರಿಗೆ ಹೊಸದಲ್ಲ. ನಾರದೀಯ ಶಿಕ್ಷೆಯ ಪ್ರಕಾರ ನವಿಲು ಷಡ್ಜವನ್ನೂ, ಗೋವು ಋಷಭವನ್ನೂ, ಆಡು ಗಾಂಧಾರವನ್ನೂ, ಕ್ರೌಂಚಪಕ್ಷಿಯು ಮಧ್ಯಮವನ್ನೂ, ಕೋಗಿಲೆಯು ಪಂಚಮವನ್ನೂ, ಕುದುರೆಯು ಧೈವತವನ್ನೂ, ಆನೆಯು ನಿಷಾದವನ್ನೂ ನುಡಿಯುತ್ತವೆ. ಪಾಣಿನೀಯ ಶಿಕ್ಷೆಯು ಕಾಲದ ಅಳತೆಯನ್ನೂ ಪ್ರಾಣಿಗಳಿಂದಲೇ ಕಲಿಸುತ್ತದೆ: ನೀಲಕಂಠಪಕ್ಷಿಯ ಕೂಗು ಒಂದು ಮಾತ್ರೆ, ಕಾಗೆಯದು ಎರಡು, ನವಿಲಿನದು ಮೂರು, ಮುಂಗುಸಿಯದು ಅರ್ಧ. ಈ ಎರಡು ಪಟ್ಟಿಗಳಲ್ಲಿಯೂ, ಹಗಲಿರುಳು ನಮ್ಮ ಬಾಗಿಲಲ್ಲಿ ಮಲಗುವ ನಾಯಿಗೆ ಮಾತ್ರ ಸ್ಥಳವಿಲ್ಲ.

ಆದರೆ ಉಪನಿಷತ್ತು ಅದನ್ನು ಮರೆಯಲಿಲ್ಲ. ಛಾಂದೋಗ್ಯದ ಮೊದಲನೆಯ ಅಧ್ಯಾಯದ ಹನ್ನೆರಡನೆಯ ಖಂಡಕ್ಕೆ ‘ಶೌವ ಉದ್ಗೀಥ’ ಎಂದೇ ಹೆಸರು. ಎಂದರೆ ನಾಯಿಗಳ ಸಾಮಗಾನ. ಸ್ವಾಧ್ಯಾಯಕ್ಕೆಂದು ಊರ ಹೊರಗೆ ಹೋದ ಬಕ ದಾಲ್ಭ್ಯನಿಗೆ ಬಿಳಿಯ ನಾಯಿಯೊಂದು ಕಾಣಿಸಿಕೊಳ್ಳುತ್ತದೆ. ಬೇರೆ ನಾಯಿಗಳು ಅದನ್ನು ಸುತ್ತುವರಿದು, ತಮಗೆ ಹಸಿವಾಗಿದೆಯೆಂದೂ ಹಾಡಿ ಅನ್ನವನ್ನು ದೊರಕಿಸಿಕೊಡಬೇಕೆಂದೂ ಬೇಡುತ್ತವೆ. ಮರುದಿನ ಬೆಳಗ್ಗೆ, ಯಜ್ಞದಲ್ಲಿ ಋತ್ವಿಜರು ಒಬ್ಬರನ್ನೊಬ್ಬರು ಹಿಡಿದು ನಡೆಯುವಂತೆ, ಅವು ಸಾಲಾಗಿ ನಡೆದು, ಬಳಿಕ ಕುಳಿತು ಹಿಂಕಾರ ಮಾಡುತ್ತವೆ. ಆ ಗಾನದಲ್ಲಿ ಪದಗಳು ಬಹು ಕಡಮೆ, ಬೇಡಿಕೆಯೂ ಅನ್ನಪಾನಗಳದಷ್ಟೆ. ಇದನ್ನು ಪುರೋಹಿತರ ಪರಿಹಾಸವೆಂದು ಬಗೆದವರುಂಟು. ಶಂಕರಾಚಾರ್ಯರ ಭಾಷ್ಯವಾದರೋ, ಸ್ವಾಧ್ಯಾಯದಿಂದ ಪ್ರೀತನಾದ ದೇವತೆಯೋ ಋಷಿಯೋ ನಾಯಿಯ ರೂಪವನ್ನು ತಾಳಿ ಬಂದಿತೆಂದು ಹೇಳುತ್ತದೆ. ಹೇಗೆ ತಿಳಿದರೂ, ನಾಯಿಯ ಧ್ವನಿಯಲ್ಲಿ ಹುರುಳಿದೆ, ಅದಕ್ಕೆ ನಿಂತು ಕಿವಿಗೊಡಬೇಕು ಎಂಬ ಭಾವವು ಅಲ್ಲಿ ಸ್ಪಷ್ಟವಾಗಿದೆ.

ಸ್ವರಗಳ ಸಂಖ್ಯೆಯ ವಿಷಯದಲ್ಲಿಯೂ ಪ್ರಾಚೀನರು ಉದಾರಿಗಳು. ಒಂದೇ ಸ್ವರದ ಗಾನಕ್ಕೆ ಆರ್ಚಿಕವೆಂದೂ, ಎರಡರದಕ್ಕೆ ಗಾಥಿಕವೆಂದೂ, ಮೂರರದಕ್ಕೆ ಸಾಮಿಕವೆಂದೂ ಹೆಸರಿಟ್ಟಿದ್ದಾರೆ. ಏಳು ಸ್ವರಗಳೂ ತುಂಬಿದಲ್ಲದೆ ಗಾನವಾಗದೆಂದು ಅವರು ಎಣಿಸಲಿಲ್ಲ.

ತಂಬೂರಿಯ ಪಾಠ

ಮಿತಸ್ವರದ ವಾದ್ಯಕ್ಕೆ ತಂಬೂರಿಗಿಂತ ಒಳ್ಳೆಯ ಉದಾಹರಣೆ ಬೇರಿಲ್ಲ. ಅದಕ್ಕೆ ನಾಲ್ಕು ತಂತಿಗಳು: ಸಾಮಾನ್ಯವಾಗಿ ಒಂದು ಪಂಚಮ, ಎರಡು ಷಡ್ಜ, ಒಂದು ಮಂದ್ರಷಡ್ಜ. ಅವನ್ನು ಒಂದಾದ ಮೇಲೊಂದರಂತೆ ಮೀಟುವುದಲ್ಲದೆ ಬೇರೆ ಕೆಲಸವಿಲ್ಲ. ಕುದುರೆಯ ಮೇಲೆ ತಂತಿಯ ಅಡಿಗೆ ಸಿಕ್ಕಿಸುವ ನೂಲಿಗೆ ಜೀವಾಳಿಯೆಂದು ಹೆಸರು. ಅದನ್ನು ಕೂದಲೆಳೆಯಷ್ಟು ಸರಿಸಿ ಸರಿಯಾದ ಎಡೆಯಲ್ಲಿ ನಿಲ್ಲಿಸಿದರೆ ಮಂಕಾಗಿದ್ದ ತಂತಿಯು ಝೇಂಕರಿಸತೊಡಗುತ್ತದೆ. ಹೆಸರು ಅನ್ವರ್ಥವಾದುದು.

ಈ ನಾದವನ್ನು ಬೇರೆ ಏನನ್ನೂ ಮಾಡದೆ ಐದು ನಿಮಿಷ ಕೇಳಬೇಕು. ಮೊದಲ ನಿಮಿಷದಲ್ಲಿ ಬೇಸರವಾಗುವುದು ಸಹಜ; ಮನಸ್ಸು ಹೊಸದನ್ನು ಬೇಡುತ್ತದೆ. ಹೊಸದು ಬಾರದಿದ್ದಾಗ ಅದು ಇರುವುದನ್ನೇ ಬಿಡಿಸಿ ನೋಡತೊಡಗುತ್ತದೆ. ಆಗ, ಯಾರೂ ಮೀಟದ ಗಾಂಧಾರವೊಂದು ಮಂದ್ರಷಡ್ಜದ ತಂತಿಯೊಳಗಿಂದ ತಾನಾಗಿ ಎದ್ದುಬರುವುದು ಕೇಳಿಸುತ್ತದೆ. ಇದನ್ನು ಸ್ವಯಂಭೂ ಗಾಂಧಾರವೆನ್ನುವರು. ಇದರಲ್ಲಿ ಪವಾಡವೇನೂ ಇಲ್ಲ. ತಂತಿಯು ಇಡಿಯಾಗಿ ಕಂಪಿಸುವಾಗಲೇ ಅರ್ಧವಾಗಿಯೂ, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತಿರುತ್ತದೆ. ಐದು ಭಾಗಗಳಾಗಿ ಕಂಪಿಸುವಾಗ ಹುಟ್ಟುವ ಸ್ವರವೇ ಗಾಂಧಾರ. ಅದು ಮೊದಲ ನಿಮಿಷದಲ್ಲಿಯೂ ಇತ್ತು. ಕೇಳುವವನು ಆಗ ಇನ್ನೂ ಸಿದ್ಧನಾಗಿರಲಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಈ ಬಗೆಯ ಕೇಳ್ಮೆಯ ಮೇಲೆಯೇ ಒಂದು ಸಂಗೀತಪಂಥವು ಕಳೆದ ಶತಮಾನದಲ್ಲಿ ಬೆಳೆಯಿತು. ಅದಕ್ಕೆ ‘ಮಿನಿಮಲಿಸಂ’ ಎಂದು ಹೆಸರು. ನಾವು ಮಿತನಾದಪಂಥ ಎನ್ನಬಹುದು. ಅಮೆರಿಕದ ಲಾ ಮಾಂಟ್ ಯಂಗ್ ಎಂಬವರು ೧೯೬೦ರಲ್ಲಿ ರಚಿಸಿದ ಒಂದು ಕೃತಿಯಲ್ಲಿ ಇರುವುದು ಎರಡೇ ಸ್ವರಗಳು; ಅವುಗಳ ನಡುವಣ ಅಂತರವು ನಮ್ಮ ಷಡ್ಜ ಪಂಚಮಗಳದೇ; ಅವನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಬೇಕೆಂಬುದೇ ಅಲ್ಲಿಯ ವಿಧಿ. ಟೆರ್ರಿ ರೈಲಿಯವರ ‘ಇನ್ ಸಿ’ ಎಂಬ ೧೯೬೪ರ ಕೃತಿಯಲ್ಲಿ ೫೩ ಚಿಕ್ಕ ಪಲುಕುಗಳಿವೆ. ಪ್ರತಿಯೊಬ್ಬ ವಾದಕನೂ ಒಂದೊಂದನ್ನು ತನಗೆ ತೋರಿದಷ್ಟು ಸಲ ನುಡಿಸಿ ಮುಂದಿನದಕ್ಕೆ ನಡೆಯುತ್ತಾನೆ. ಸ್ಟೀವ್ ರೈಖ್ ಅವರ ೧೯೬೭ರ ಕೃತಿಯೊಂದರಲ್ಲಿ ಇಬ್ಬರು ಒಂದೇ ಧಾಟಿಯನ್ನು ಎರಡು ಪಿಯಾನೋಗಳಲ್ಲಿ ಆರಂಭಿಸುವರು. ಒಬ್ಬನು ಮೆಲ್ಲಮೆಲ್ಲನೆ ತುಸು ಮುಂದಾಗುತ್ತ ಹೋಗುತ್ತಾನೆ. ಇಬ್ಬರೂ ನುಡಿಸದ ಹೊಸ ಧಾಟಿಗಳು ನಡುವೆ ಕೇಳಿಸತೊಡಗುತ್ತವೆ. ೧೯೭೦ರಲ್ಲಿ ಅಮೆರಿಕಕ್ಕೆ ಹೋದ ಕಿರಾಣಾ ಘರಾಣೆಯ ಪಂಡಿತ ಪ್ರಾಣನಾಥರಿಗೆ ಯಂಗ್ ಮತ್ತು ರೈಲಿ ಇಬ್ಬರೂ ಶಿಷ್ಯರಾದರು. ಗುರುವಿನ ಮುಂದೆ ಅವರಿಗೆ ದೊರೆತುದು ತಂಬೂರಿಯ ಪಾಠವೇ. ಅಬ್ದುಲ್ ಕರೀಂ ಖಾನರ ಮೂಲಕ ಕುಂದಗೋಳದ ಸವಾಯಿ ಗಂಧರ್ವರಿಗೆ ಬಂದು ಧಾರವಾಡ ಸೀಮೆಯಲ್ಲಿ ಬೇರೂರಿದ ಘರಾಣೆಯೂ ಇದೇ ಅಲ್ಲವೆ?

ಇನ್ನೊಂದು ವಿನೋದದ ಸಂಗತಿ. ಈ ಪಂಥದವರು ತಮ್ಮ ಹಿರಿಯರಲ್ಲಿ ಒಬ್ಬರೆಂದು ಎಣಿಸುವ ಫ್ರಾನ್ಸಿನ ಎರಿಕ್ ಸತಿಯವರು ೧೯೧೨ರಲ್ಲಿ ಕೆಲವು ಕಿರಿಯ ಪಿಯಾನೋ ಕೃತಿಗಳನ್ನು ಬರೆದು, ಅವು ‘ಒಂದು ನಾಯಿಗಾಗಿ’ ಎಂದು ಶೀರ್ಷಿಕೆಯಲ್ಲಿಯೇ ಸೂಚಿಸಿದರು.

ಗಣೆಯೂ ಡಮರುಗವೂ

ಆದರೆ ಇದಕ್ಕಾಗಿ ಸಮುದ್ರವನ್ನು ದಾಟಬೇಕಾದುದಿಲ್ಲ. ನಮ್ಮ ಜಿಲ್ಲೆಯ ಕಾಡುಗೊಲ್ಲರಲ್ಲಿ ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲುಂಟು. ತಮ್ಮ ಕುಲದ ವೀರನೂ ದೈವವೂ ಆದ ಜುಂಜಪ್ಪನ ಕಾವ್ಯವನ್ನು ಹಾಡುವಾಗ ಅವರು ಅದನ್ನು ಊದುತ್ತಾರೆ. ಸಭಾಗಾನಕ್ಕೆ ಒಗ್ಗಿದವರಿಗೆ ಅದು ಒಂದೇ ಧಾಟಿಯ ಪುನರಾವೃತ್ತಿಯಾಗಿ ತೋರಬಹುದು. ಸ್ವಲ್ಪ ಹೊತ್ತು ಕುಳಿತವನಿಗೆ ಉಸಿರಿನ ಏರಿಳಿತ, ಗಾಳಿಯ ಒರಸು, ಸ್ವರದ ಅಂಚಿನ ನಡುಕ ಒಂದೊಂದಾಗಿ ತಿಳಿಯತೊಡಗುತ್ತವೆ.

ಸಂಗೀತವೂ ನಾಯಿಯೂ ಒಂದೆಡೆ ಕೂಡುವ ಸಂಪ್ರದಾಯವೂ ಕನ್ನಡನಾಡಿನಲ್ಲಿಯೇ ಇದೆ. ಮೈಲಾರಲಿಂಗನ ಭಕ್ತರಾದ ಗೊರವರು ಕರಿಯ ಕಂಬಳಿಯನ್ನು ಹೊದ್ದು, ಡಮರುಗವನ್ನು ನುಡಿಸುತ್ತ, ಕೊಳಲನ್ನು ಊದುತ್ತ ಕುಣಿಯುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಆ ದೇವನ ಪರಿವಾರದಲ್ಲಿ ನಾಯಿಗಳುಂಟು. ಭಕ್ತರು ತಮ್ಮನ್ನು ಅವನ ನಾಯಿಗಳೆಂದೇ ಭಾವಿಸಿ, ಬೊಗಳಿನ ಧ್ವನಿಯನ್ನು ಮಾಡುತ್ತ, ದೋಣಿಯೆಂಬ ಪಾತ್ರೆಯಲ್ಲಿಟ್ಟ ಹಾಲು ಹಣ್ಣುಗಳನ್ನು ಕೈ ಸೋಕಿಸದೆ ಬಾಯಿಂದಲೇ ಸ್ವೀಕರಿಸುವ ಆಚರಣೆಯಿದೆ. ಡಮರುಗದಲ್ಲಿ ರಾಗವಿಲ್ಲ, ಬಡಿತಗಳು ಹತ್ತಿರವಾದರೆ ಆವೇಶ, ದೂರವಾದರೆ ಶಾಂತಿ. ಈ ಒಂದು ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾಯಿಯ ಬೊಗಳಿನ ವ್ಯಾಕರಣಕ್ಕೆ ಇದೇ ಮೊದಲ ಸೂತ್ರ.

ಬೊಗಳಿನ ವ್ಯಾಕರಣ

ಕೊಯ್ಲು ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿಮಂದೆಯನ್ನು ರಾತ್ರಿ ನಿಲ್ಲಿಸುವುದು ನಮ್ಮ ಕಡೆಯ ವಾಡಿಕೆ. ಅಂಥ ಒಂದು ಸಂಜೆ ಕುರಿಗಾಹಿಯೊಬ್ಬನೊಡನೆ ಮಾತನಾಡುತ್ತಿದ್ದಾಗ ಅವನ ನಾಯಿ ಕತ್ತಲ ಕಡೆಗೆ ತಿರುಗಿ ಬೊಗಳಿತು. “ತೋಳವೇನಪ್ಪ?” ಎಂದು ಕೇಳಿದೆ. ಅವನು ಕುಳಿತಲ್ಲಿಂದ ಏಳಲೂ ಇಲ್ಲ. “ಅಲ್ಲ ಬಿಡ್ರಿ ಮೇಷ್ಟ್ರೇ, ಯಾರೋ ನಮ್ಮೋರೇ ಬರ್ತಾ ಐದಾರೆ. ತೋಳ ಬಂದ್ರೆ ಹಿಂಗೆ ಬಿಟ್ಟು ಬಿಟ್ಟು ಬೊಗಳಲ್ಲ, ಒಂದೇ ಸಮ ಹಚ್ಕೊಂತೈತೆ” ಎಂದನು. ಸ್ವಲ್ಪ ಹೊತ್ತಿಗೆ ಅವನ ತಮ್ಮನು ಬುತ್ತಿಯನ್ನು ಹೊತ್ತು ಬಂದನು.

ಆ ಕುರಿಗಾಹಿಯು ಅಳೆದುದು ಎರಡು ಬೊಗಳುಗಳ ನಡುವಣ ಬಿಡುವನ್ನು. ವಿದ್ವಾಂಸರು ಪ್ರಯೋಗಗಳಿಂದ ಕಂಡುಕೊಂಡುದೂ ಇದನ್ನೇ. ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಪೇಟರ್ ಪೋಂಗ್ರಾಟ್ಸ್ ಮತ್ತು ಅವರ ಸಂಗಡಿಗರು, ಕುರಿ ಕಾಯುವ ಒಂದು ತಳಿಯ ನಾಯಿಗಳ ಬೊಗಳನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಮುದ್ರಿಸಿಕೊಂಡು ಜನರಿಗೆ ಕೇಳಿಸಿದರು. ಅಪರಿಚಿತನನ್ನು ಕಂಡಾಗ, ಒಂಟಿಯಾಗಿ ಕಟ್ಟಿಹಾಕಿದಾಗ, ಆಟವಾಡುವಾಗ ಹುಟ್ಟಿದ ಬೊಗಳುಗಳನ್ನು, ನಾಯಿ ಸಾಕದವರು ಕೂಡ ಕುರುಡು ಊಹೆಗಿಂತ ಮೇಲಾಗಿಯೇ ಗುರುತಿಸಿದರೆಂದು ೨೦೦೫ರಲ್ಲಿ ಪ್ರಕಟಿಸಿದರು. ಹುಟ್ಟಿನಿಂದ ಕಣ್ಣು ಕಾಣದವರಿಗೂ ಇದು ಸಾಧ್ಯವೆಂದು ಮುಂದಿನ ಪರೀಕ್ಷೆಗಳು ತೋರಿಸಿದುವು. ಎಂದ ಮೇಲೆ ಈ ವಿದ್ಯೆಯು ಕಿವಿಯಲ್ಲಿಯೇ ಇದೆ. ನಾವು ಅದನ್ನು ಬಳಸುತ್ತಿಲ್ಲವಷ್ಟೆ.

ಸಂಗೀತದ ಪರಿಭಾಷೆಯಲ್ಲಿಯೇ ಹೇಳುವುದಾದರೆ, ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದು ಸ್ಥಾಯಿ: ಮಂದ್ರವಾದ ಧ್ವನಿಯು ಬೆದರಿಕೆಗೂ, ತಾರವಾದ ಧ್ವನಿಯು ಅಂಜಿಕೆಗೂ ಸಂಕಟಕ್ಕೂ ಆಟಕ್ಕೂ ಸೇರಿದ್ದು. ಎರಡನೆಯದು ಲಯ: ಎಡೆಬಿಡದೆ ಒತ್ತೊತ್ತಾಗಿ ಬರುವ ಬೊಗಳು ಉದ್ರೇಕದ ಗುರುತು, ನಡುನಡುವೆ ಬಹಳ ಬಿಡುವುಳ್ಳ ತಾರಧ್ವನಿಯು ಒಂಟಿತನದ ಮೊರೆ. ಮೂರನೆಯದು ನಾದಗುಣ: ಗೊರಗೊರನೆ ಒರಟಾದುದು ಹಗೆತನದ್ದು, ತಂತಿಯಂತೆ ಶುದ್ಧವಾದುದು ಬೇಡಿಕೆಯದು. ಅಮೆರಿಕದ ಯೂಜೀನ್ ಮಾರ್ಟನ್ ಎಂಬ ವಿದ್ವಾಂಸರು ೧೯೭೭ರಲ್ಲಿಯೇ, ಸ್ಥಾಯಿ ನಾದಗುಣಗಳ ಈ ನಿಯಮವು ಹಕ್ಕಿಗಳಿಗೂ ಮೊಲೆಯುಣಿಸುವ ಪ್ರಾಣಿಗಳಿಗೂ ಬಹುಮಟ್ಟಿಗೆ ಸಾಮಾನ್ಯವೆಂದು ತೋರಿಸಿದ್ದರು. ಮಗುವನ್ನು ಮುದ್ದಿಸುವ ತಾಯಿಯು ಸ್ವರವನ್ನು ಏರಿಸುವುದೂ, ಗದರಿಸುವ ತಂದೆಯು ಇಳಿಸುವುದೂ ಇದೇ ನಿಯಮಕ್ಕೆ ಅನುಸಾರವಾಗಿ.

ಗುರುಗುಟ್ಟುವಿಕೆಯಲ್ಲಿಯೂ ಭೇದಗಳುಂಟು. ಬುಡಾಪೆಸ್ಟಿನವರೇ ೨೦೧೦ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ನಾಯಿಯ ಮುಂದೆ ಎಲುಬನ್ನಿಟ್ಟು, ಮರೆಯಲ್ಲಿದ್ದ ಯಂತ್ರದಿಂದ ಮತ್ತೊಂದು ನಾಯಿಯ ಗುರುಗುಟ್ಟನ್ನು ಕೇಳಿಸಿದರು. ಆಹಾರವನ್ನು ಕಾಯುವಾಗ ಮಾಡಿದ ಗುರುಗುಟ್ಟನ್ನು ಕೇಳಿದ ನಾಯಿಗಳು ಎಲುಬಿನಿಂದ ಹಿಂದೆ ಸರಿದುವು. ಆಟದ ಗುರುಗುಟ್ಟಿಗೆ ಹಾಗೆ ಸರಿಯಲಿಲ್ಲ. ಕಿವಿಗೊಡದವನಿಗೆ ಎರಡೂ ಒಂದೇ. ನಾಯಿಗೆ ಅವು ಎರಡು ವಾಕ್ಯಗಳು.

ಮೌನದ ಮಾತು

ಸಂಗೀತದಲ್ಲಿ ಸ್ವರಗಳ ನಡುವಣ ವಿರಾಮವೂ ಸಂಗೀತವೇ. ಸ್ವರಗಳು ಕಡಮೆಯಾದಷ್ಟೂ ವಿರಾಮದ ತೂಕ ಹೆಚ್ಚುತ್ತದೆ. ನಾಯಿಯ ನುಡಿಯಲ್ಲಿಯೂ ಹೆಚ್ಚಿನ ಭಾಗವು ಶಬ್ದವಿಲ್ಲದ್ದು. ಮುಂಗಾಲುಗಳನ್ನು ನೆಲಕ್ಕೆ ಚಾಚಿ ಹಿಂಭಾಗವನ್ನು ಮೇಲೆತ್ತಿದರೆ ಅದು ಆಟಕ್ಕೆ ಕರೆ. ಬಳಿಕ ಬರುವ ಹುಸಿಗಡಿತವನ್ನು ಜಗಳವೆಂದು ತಿಳಿಯಬಾರದೆಂಬ ಪೀಠಿಕೆ. ನಿದ್ದೆಯ ಹೊತ್ತಲ್ಲದಾಗ ಆಕಳಿಸುವುದು, ತಿನ್ನಲು ಏನೂ ಇಲ್ಲದಾಗ ಮೂಗನ್ನು ನೆಕ್ಕಿಕೊಳ್ಳುವುದು, ಮುಖವನ್ನು ಪಕ್ಕಕ್ಕೆ ತಿರುಗಿಸುವುದು—ಇವು ‘ನನಗೆ ಸಮಾಧಾನವಿಲ್ಲ, ಸ್ವಲ್ಪ ದೂರವಿರು’ ಎಂಬುದರ ಸೂಚನೆಗಳು. ನಾರ್ವೆ ದೇಶದ ತೂರಿದ್ ರೂಗೋಸ್ ಎಂಬ ಮಹಿಳೆಯು ಇವನ್ನು ಶಾಂತಿಸೂಚಕಗಳೆಂದು ಕರೆದು ಪ್ರಚಾರಕ್ಕೆ ತಂದರು.

ಬಾಲ ಅಲ್ಲಾಡಿತೆಂದರೆ ಸ್ನೇಹವೆಂದು ತಿಳಿಯುವುದು ಅರ್ಧಸತ್ಯ. ೨೦೦೭ರಲ್ಲಿ ಇಟಲಿಯ ವಿದ್ವಾಂಸರು ಅಳೆದು ನೋಡಿದಾಗ, ಯಜಮಾನನನ್ನು ಕಂಡ ನಾಯಿಯ ಬಾಲವು ಅದರ ಬಲಕ್ಕೂ, ಬಲಿಷ್ಠವಾದ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೂ ಹೆಚ್ಚಾಗಿ ವಾಲಿ ಆಡುತ್ತಿತ್ತು. ಸಡಿಲವಾಗಿ ಇಡೀ ಮೈಯೊಡನೆ ಆಡುವ ಬಾಲ ಬೇರೆ. ಮೈ ಸೆಟೆದಿರುವಾಗ ಮೇಲೆತ್ತಿ ಬಿಗಿಯಾಗಿ ಮಿಡಿಯುವ ಬಾಲ ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ ಎಚ್ಚರಿಕೆಯಿಂದಿರಬೇಕಾದುದು ನಿಶ್ಚಲತೆಗೆ. ಆಡುತ್ತಲೋ ತಿನ್ನುತ್ತಲೋ ಇದ್ದ ನಾಯಿಯು ಥಟ್ಟನೆ ಕಲ್ಲಿನಂತೆ ನಿಂತು, ಕಣ್ಣಿನ ಬಿಳಿ ತೋರುವಂತೆ ಓರೆನೋಟ ಬೀರಿದರೆ, ಆ ಕ್ಷಣದ ಮೌನವು ಕಡಿತಕ್ಕೆ ಹಿಂದಿನ ಕೊನೆಯ ಮಾತ್ರೆ.

ಮನೆಯವರು ತಿಳಿಯತಕ್ಕದ್ದು

ಚಿಕ್ಕ ಮಕ್ಕಳಿಗೆ ಈ ಭಾಷೆ ತಾನಾಗಿ ಬಾರದು. ಹಲ್ಲು ಕಿರಿಯುವ ನಾಯಿಯ ಮುಖವನ್ನು ಎಳೆಯ ಮಕ್ಕಳು ಅನೇಕ ವೇಳೆ ‘ನಗುತ್ತಿದೆ’ ಎಂದು ತಿಳಿಯುವರೆಂಬುದನ್ನು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾನಿಲಯದ ಪರಿಶೋಧಕರು ಕಂಡಿದ್ದಾರೆ. ಶಂಕಾಸ್ಪದವಾದ ಪ್ರಾಣಿಗಳಿಂದ ಕಡಿಸಿಕೊಂಡವರಲ್ಲಿ ನೂರಕ್ಕೆ ೪೦ ಮಂದಿ ೧೫ ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಆದುದರಿಂದ ಅಕ್ಷರಾಭ್ಯಾಸದೊಡನೆಯೇ ಇದನ್ನೂ ಹೇಳಿಕೊಡತಕ್ಕದ್ದು: ತಿನ್ನುವ, ಮಲಗಿರುವ, ಮರಿಗಳೊಡನಿರುವ ನಾಯಿಯ ಬಳಿಗೆ ಹೋಗಬಾರದು, ಅದರ ಕೊರಳನ್ನು ತಬ್ಬಬಾರದು, ದಿಟ್ಟಿಸಿ ನೋಡಬಾರದು, ಅಟ್ಟಿಬಂದರೆ ಓಡದೆ, ಕೂಗದೆ, ಕೈಗಳನ್ನು ಮೈಗೆ ಸೇರಿಸಿ ಮರದಂತೆ ನಿಲ್ಲಬೇಕು.

ಹಿರಿಯರಿಗೂ ಒಂದು ಮಾತು. ಗುರುಗುಟ್ಟಿದ ನಾಯಿಯನ್ನು ಹೊಡೆಯುವುದು ನಮ್ಮ ಮನೆಗಳಲ್ಲಿ ರೂಢಿ. ಗುರುಗುಟ್ಟು ಅಪರಾಧವಲ್ಲ, ಎಚ್ಚರಿಕೆ. ಅದಕ್ಕೆ ದಂಡನೆಯಾದರೆ ನಾಯಿಯು ಅಸಮಾಧಾನವನ್ನು ಬಿಡುವುದಿಲ್ಲ. ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ. ಮುಂದೆ ಅದು ಸೂಚನೆಯಿಲ್ಲದೆ ಕಡಿಯುವ ನಾಯಿಯಾಗುತ್ತದೆ. ಹೊಡೆಯುವುದಕ್ಕೆ ಬದಲು ಮಗುವನ್ನು ಅಲ್ಲಿಂದ ಕರೆದುಕೊಂಡು, ಅದು ಏಕೆ ಗುರುಗುಟ್ಟಿತೆಂದು ವಿಚಾರಿಸುವುದು ವಿವೇಕ. ಇಷ್ಟಾದರೂ ಕಡಿತವಾದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ಅರಿಸಿನ, ಸುಣ್ಣ, ಕಾರದಪುಡಿ ಏನನ್ನೂ ಮೆತ್ತದೆ, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಆರಂಭಿಸಬೇಕು. ರೇಬೀಸ್ ಲಕ್ಷಣಗಳು ತೋರಿದ ಮೇಲೆ ಬದುಕುವುದು ಅತ್ಯಂತ ವಿರಳ. ಇಲ್ಲಿ ತಡಮಾಡುವುದು ಸರ್ವಥಾ ಕೂಡದು.

ನಾಯಿಗೆ ಸಂಗೀತವುಂಟೆ?

ನಾವು ಅದರ ನುಡಿಯನ್ನು ಕೇಳಿದಂತೆ ಅದೂ ನಮ್ಮ ನಾದವನ್ನು ಕೇಳುತ್ತದೆ. ಬೆಲ್‌ಫಾಸ್ಟ್ ನಗರದ ಒಂದು ನಾಯಿಶಾಲೆಯಲ್ಲಿ ನಡೆಸಿದ ಪರೀಕ್ಷೆಯ ಫಲವು ೨೦೦೨ರಲ್ಲಿ ಪ್ರಕಟವಾಯಿತು: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಕೇಳಿಸಿದಾಗ ನಾಯಿಗಳು ಹೆಚ್ಚು ಹೊತ್ತು ಮಲಗಿ ವಿಶ್ರಮಿಸಿದುವು; ‘ಹೆವಿ ಮೆಟಲ್’ ಎಂಬ ಅಬ್ಬರದ ಸಂಗೀತಕ್ಕೆ ಹೆಚ್ಚು ಬೊಗಳಿದುವು. ೨೦೧೫ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಪರೀಕ್ಷೆಯೊಂದರಲ್ಲಿ ಆ ಶಾಂತಿಯು ಕೆಲವೇ ದಿನಗಳಲ್ಲಿ ಕುಗ್ಗಿತು. ಅದನ್ನೇ ಕೇಳಿ ಕೇಳಿ ಅವಕ್ಕೆ ರೂಢಿಯಾಗಿಹೋಯಿತು. ಮನುಷ್ಯರ ಕಿವಿಗೆ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಕೇಳಿಸಿದರೆ ನಾಯಿಗೆ ಸುಮಾರು ೪೫,೦೦೦ದವರೆಗೂ ಕೇಳಿಸುತ್ತದೆ. ಇದನ್ನು ಬಲ್ಲ ಅಮೆರಿಕದ ಲಾರಿ ಆಂಡರ್ಸನ್ ಎಂಬ ಸಂಗೀತಗಾರ್ತಿಯು ೨೦೧೦ರಲ್ಲಿ ಸಿಡ್ನಿಯಲ್ಲಿ ನಾಯಿಗಳಿಗಾಗಿಯೇ ಒಂದು ಕಚೇರಿಯನ್ನು ನಡೆಸಿದರು. ನಮ್ಮ ದೀಪಾವಳಿಯ ಸಿಡಿಮದ್ದೂ ಉತ್ಸವದ ಧ್ವನಿವರ್ಧಕವೂ ಅಂಥ ಕಿವಿಗೆ ಎಂಥ ಹಿಂಸೆಯೆಂದು ಊಹಿಸಬಹುದು. ಆ ರಾತ್ರಿಗಳಲ್ಲಿ ಮನೆಯ ನಾಯಿಯನ್ನು ಒಳಗಿನ ಕೋಣೆಯಲ್ಲಿರಿಸಿ, ಕಿಟಕಿಗಳನ್ನು ಮುಚ್ಚಿ, ಮೆಲುವಾದ ಶ್ರುತಿಯನ್ನು ಹಾಕಿಡುವುದು ಸುಲಭವಾದ ಉಪಚಾರ.

ಅಭ್ಯಾಸಕ್ರಮ

ಇದಕ್ಕೆ ಬೇಕಾದ ಸಾಧನಗಳು ಎಲ್ಲರ ಮನೆಯಲ್ಲಿಯೂ ಇವೆ. ತಂಬೂರಿಯ ನಾದವು ಈಗ ಮೊಬೈಲ್ ಫೋನಿನಲ್ಲಿಯೇ ದೊರೆಯುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಕುಳಿತು ಐದು ನಿಮಿಷ ಅದನ್ನು ಕೇಳಲಿ. ಸ್ವಯಂಭೂ ಗಾಂಧಾರವು ಕೇಳಿಸಿದವರು ಕೈಯೆತ್ತಲಿ. ಮಕ್ಕಳೇ ಮೊದಲು ಕೈಯೆತ್ತಿದರೆ ಆಶ್ಚರ್ಯಪಡಬೇಡಿ. ಒಂದು ವಾರದ ಬಳಿಕ ಮೃದಂಗವಿಲ್ಲದ ವೀಣೆಯ ಆಲಾಪನೆಯನ್ನೋ, ಸಿತಾರಿನ ಆಲಾಪವನ್ನೋ ಕೇಳಿ. ಸ್ವರಗಳನ್ನು ಎಣಿಸದೆ, ಒಂದು ಸ್ವರವು ಹೇಗೆ ಹುಟ್ಟಿ ಹೇಗೆ ಆರಿಹೋಗುತ್ತದೆಂಬುದನ್ನು ಮಾತ್ರ ಗಮನಿಸಿ. ಅನಂತರ ಜಗುಲಿಗೆ ಬಂದು ಕುಳಿತು, ದೂರದ ನಾಯಿಯೊಂದರ ಬೊಗಳನ್ನು ಮಕ್ಕಳಿಂದ ಹೇಳಿಸಿ: ಮಂದ್ರವೋ ತಾರವೋ, ಒತ್ತೊತ್ತೋ ಬಿಡುವುಂಟೋ, ಒರಟೋ ಶುದ್ಧವೋ. ಬಳಿಕ, ಅದು ಏನನ್ನು ಹೇಳುತ್ತಿರಬಹುದೆಂದು ಅವರನ್ನೇ ಕೇಳಿ.

ನಾಯಿಯು ತನ್ನ ಪಾಲಿನ ಪಾಠವನ್ನು ಆಗಲೇ ಕಲಿತಿದೆ. ಯಾರೂ ತರಬೇತಿ ಕೊಡದ ಬೀದಿನಾಯಿಗಳು ಕೂಡ ಮನುಷ್ಯನು ಬೆರಳು ತೋರಿದ ದಿಕ್ಕನ್ನು ಅನುಸರಿಸಬಲ್ಲವೆಂದು ಕೋಲ್ಕತ್ತಾ ಬಳಿಯ ವಿಜ್ಞಾನಸಂಸ್ಥೆಯ ಅನಿಂದಿತಾ ಭದ್ರಾ ಮತ್ತು ಸಂಗಡಿಗರು ೨೦೨೦ರಲ್ಲಿ ತೋರಿಸಿದ್ದಾರೆ. ನಮ್ಮ ಬಾಗಿಲಲ್ಲಿ ಮಲಗಿ ಅದು ನಮ್ಮ ಬೆರಳನ್ನೂ ದನಿಯನ್ನೂ ಓದಲು ಕಲಿತಿರುವಾಗ, ಅದರ ಮೂರು ಬಗೆಯ ಬೊಗಳನ್ನು ತಿಳಿಯಲು ನಾವು ದಿನಕ್ಕೆ ಹತ್ತು ನಿಮಿಷ ಕೊಡುವುದು ಹೆಚ್ಚಲ್ಲ. ಈ ತಿಂಗಳೇ ಆರಂಭಿಸಿರಿ. ಗುರುಗುಟ್ಟನ್ನು ಕೇಳಿದ ಕೂಡಲೇ ತಮ್ಮನ ಕೈಹಿಡಿದು ಎರಡು ಹೆಜ್ಜೆ ಹಿಂದಕ್ಕೆ ಬರುವ ಅಕ್ಕನೊಬ್ಬಳು ಮನೆಯಲ್ಲಿ ಸಿದ್ಧಳಾದರೆ, ಹೂಡಿದ ಹೊತ್ತಿಗೆ ಬಡ್ಡಿ ಸಹಿತ ಫಲ ಬಂದಂತೆ.